ಎರಡು ಸೋಲು ಸೇರಿದರೆ ಗೆಲುವಾದೀತೆ? ಫುಟ್‌ಬಾಲ್ ಅರ್ಹತಾ ಸುತ್ತಿನ ಗೋಲುಗಳಿಂದ ಪೂರ್ಣಾಂಕಗಳ ಸಂಕಲನ

ತರಗತಿ: 7
ವಿಷಯ: ಗಣಿತ
ಘಟಕ: ಪೂರ್ಣಾಂಕಗಳು
ಉಪಘಟಕ: ಪೂರ್ಣಾಂಕಗಳ ಸಂಕಲನ, ಸಂಕಲನ ವಿಲೋಮ, ಸೊನ್ನೆಯ ಅರ್ಥ
ಅವಧಿ: ತಲಾ 40 ನಿಮಿಷದ ಎರಡು ಅವಧಿಗಳು ಮತ್ತು ಒಂದು ವಿಸ್ತರಣಾ ಚಟುವಟಿಕೆ

1. ಈ ಪಾಠದ ಅಗತ್ಯ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿ ಭಾಗದ ಶಾಲೆಗಳಿಗೆ ಬೋಧನಾಭ್ಯಾಸಕ್ಕೆ ಹೋಗುವ ಗಣಿತ ವಿಷಯದ ಪ್ರಶಿಕ್ಷಣಾರ್ಥಿಗಳು ಪೂರ್ಣಾಂಕಗಳ ಘಟಕದಲ್ಲಿ ಒಂದು ತಪ್ಪನ್ನು ಮೇಲಿಂದ ಮೇಲೆ ಎದುರಿಸುತ್ತಾರೆ. (−1) + (−2) ಎಷ್ಟು ಎಂದು ಕೇಳಿದರೆ ಹಲವು ಮಕ್ಕಳು +3 ಎಂದು ಬರೆಯುತ್ತಾರೆ. ಯಾಕೆಂದು ಕೇಳಿದರೆ ಒಂದೇ ಉಸಿರಿನಲ್ಲಿ ಉತ್ತರ ಬರುತ್ತದೆ: "ಮೈನಸ್ ಮೈನಸ್ ಪ್ಲಸ್ ಅಲ್ರಿ ಸರ್!"

ಇದು ಗುಣಾಕಾರದ ನಿಯಮ. ಮಕ್ಕಳು ಅದನ್ನು ಸಂಕಲನಕ್ಕೆ ಹಚ್ಚಿದ್ದಾರೆ. ಶಿಕ್ಷಕರು ಕೆಂಪು ಗೆರೆ ಎಳೆದು −3 ಎಂದು ತಿದ್ದುತ್ತಾರೆ, ಮಗು ಅದನ್ನು ನಕಲು ಮಾಡಿಕೊಳ್ಳುತ್ತದೆ, ಮರುದಿನ ಮತ್ತೆ +3 ಬರೆಯುತ್ತದೆ. ಕಾರಣವೇನೆಂದರೆ, ತನ್ನ ಉತ್ತರ ಸರಿಯೋ ತಪ್ಪೋ ಎಂದು ತಾನೇ ನೋಡಿಕೊಳ್ಳುವ ಯಾವ ದಾರಿಯೂ ಮಗುವಿನ ಕೈಯಲ್ಲಿಲ್ಲ. ಅದಕ್ಕೆ ಗೊತ್ತಿರುವುದು ಒಂದು ಬಾಯಿಪಾಠದ ಸಾಲು ಮಾತ್ರ. ಆ ಸಾಲು ತಪ್ಪಾದ ಜಾಗದಲ್ಲಿ ಬಂದರೂ ಮಗುವಿಗೆ ತಿಳಿಯುವುದಿಲ್ಲ.

ಋಣ ಸಂಖ್ಯೆಗಳನ್ನು ಪರಿಚಯಿಸಲು ನಾವು ಸಾಮಾನ್ಯವಾಗಿ ಬಳಸುವ ಉದಾಹರಣೆಗಳನ್ನೂ ಒಮ್ಮೆ ಪರಿಶೀಲಿಸಬೇಕು. ಸೊನ್ನೆಗಿಂತ ಕೆಳಗಿನ ಉಷ್ಣತೆ ಒಂದು. ಏಪ್ರಿಲ್ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಊರುಗಳಲ್ಲಿ ಮಗು ಮೈನಸ್ 5 ಡಿಗ್ರಿಯನ್ನು ಕಂಡಿಲ್ಲ. ನೆಲಮಾಳಿಗೆಗೆ ಇಳಿಯುವ ಲಿಫ್ಟ್ ಇನ್ನೊಂದು. ಅದನ್ನು ಹತ್ತಿದ ಮಕ್ಕಳು ತರಗತಿಯಲ್ಲಿ ಬೆರಳೆಣಿಕೆಯಷ್ಟು. ಮೂರನೆಯದು ಸಾಲ. ಇದು ಎಲ್ಲರಿಗೂ ತಿಳಿದ ವಿಷಯವೇ, ಆದರೆ ತೊಗರಿ ಬೆಳೆ ಕೈಕೊಟ್ಟ ವರ್ಷ ಮನೆಯಲ್ಲಿ ಸಾಲದ ಮಾತು ಹೇಗಿರುತ್ತದೆ ಎಂಬುದನ್ನು ಕಂಡ ಮಗುವಿನ ಮುಂದೆ "ನಿಮ್ಮಪ್ಪ 500 ರೂಪಾಯಿ ಸಾಲ ಮಾಡಿದ" ಎಂದು ಲೆಕ್ಕ ಹಾಕಿಸುವುದು ಶಿಕ್ಷಕರಿಗೆ ಶೋಭೆಯಲ್ಲ.

ಆಟದಲ್ಲಿ ಹಿಂದೆ ಬೀಳುವುದು, ಮುಂದೆ ಹೋಗುವುದು ಎಲ್ಲ ಮಕ್ಕಳಿಗೂ ಗೊತ್ತು. ಅದರಲ್ಲೂ ಎರಡು ಪಂದ್ಯಗಳ ಗೋಲುಗಳನ್ನು ಕೂಡಿಸಿ ಫಲಿತಾಂಶ ನಿರ್ಧರಿಸುವ ಫುಟ್‌ಬಾಲ್ ಅರ್ಹತಾ ಸುತ್ತು ಪೂರ್ಣಾಂಕಗಳ ಸಂಕಲನಕ್ಕೆ ಹೇಳಿ ಮಾಡಿಸಿದಂತಿದೆ. ಮೊದಲ ಪಂದ್ಯದಲ್ಲಿ ಒಂದು ಗೋಲಿನಿಂದ ಸೋತು, ಎರಡನೆಯದರಲ್ಲಿ ಎರಡು ಗೋಲಿನಿಂದ ಸೋತ ತಂಡ ಒಟ್ಟಿನಲ್ಲಿ ಮೂರು ಗೋಲಿನಿಂದ ಮುಂದಿರಲು ಸಾಧ್ಯವೇ? ಈ ಪ್ರಶ್ನೆಗೆ ಉತ್ತರಿಸಲು ಯಾವ ಬಾಯಿಪಾಠವೂ ಬೇಡ. ಮಗು ತನ್ನ ತಪ್ಪನ್ನು ತಾನೇ ಹಿಡಿಯುತ್ತದೆ.

2. ಶಿಕ್ಷಕರಿಗೆ ಬೇಕಾದ ಹಿನ್ನೆಲೆ

ಒಂದು ಖಂಡದ ಕ್ಲಬ್‌ಗಳ ದೊಡ್ಡ ಪಂದ್ಯಾವಳಿಗೆ ಎಲ್ಲ ತಂಡಗಳಿಗೂ ನೇರ ಪ್ರವೇಶ ಸಿಗುವುದಿಲ್ಲ. ಕೆಲವು ತಂಡಗಳು ಮೊದಲು ಅರ್ಹತಾ ಸುತ್ತನ್ನು ದಾಟಬೇಕು. ಇಲ್ಲಿ ಎರಡು ತಂಡಗಳು ಒಂದು ಪಂದ್ಯವನ್ನು ಒಬ್ಬರ ಊರಿನಲ್ಲಿ, ಇನ್ನೊಂದನ್ನು ಮತ್ತೊಬ್ಬರ ಊರಿನಲ್ಲಿ ಆಡುತ್ತವೆ. ಎರಡೂ ಪಂದ್ಯಗಳ ಗೋಲುಗಳನ್ನು ಕೂಡಿಸಿದಾಗ ಹೆಚ್ಚು ಗೋಲು ಇರುವ ತಂಡ ಮುಂದಕ್ಕೆ ಹೋಗುತ್ತದೆ.

ಯುರೋಪಿನಲ್ಲಿ ಇಂತಹ ಒಂದು ಬೇಸಿಗೆಯ ಪಂದ್ಯಾವಳಿ ಇತ್ತು, ಅದರ ಹೆಸರು ಇಂಟರ್‌ಟೋಟೋ ಕಪ್. ಲೀಗ್ ಪಂದ್ಯಗಳಿಲ್ಲದ ಬೇಸಿಗೆ ತಿಂಗಳುಗಳಲ್ಲೂ ಕ್ಲಬ್‌ಗಳಿಗೆ ಪಂದ್ಯಗಳಿರಲಿ ಎಂದು ಅದು 1961ರಲ್ಲಿ ಆರಂಭವಾಯಿತು. ಪಂದ್ಯದ ಫಲಿತಾಂಶ ಊಹಿಸಿ ಹಣ ಕಟ್ಟುವ 'ಟೋಟೋ' ಎಂಬ ಪದ್ಧತಿಯಿಂದ ಆ ಹೆಸರು ಬಂತು. 1995ರಲ್ಲಿ ಯುರೋಪಿನ ಫುಟ್‌ಬಾಲ್ ಒಕ್ಕೂಟ ಅದನ್ನು ತನ್ನ ಆಡಳಿತಕ್ಕೆ ತೆಗೆದುಕೊಂಡು, ಗೆದ್ದವರಿಗೆ ಯುಇಎಫ್‌ಎ ಕಪ್ ಎಂಬ ದೊಡ್ಡ ಪಂದ್ಯಾವಳಿಗೆ ಪ್ರವೇಶ ಕೊಟ್ಟಿತು. ಕೊನೆಯ ಇಂಟರ್‌ಟೋಟೋ 2008ರಲ್ಲಿ ನಡೆಯಿತು.

ನಮ್ಮ ರಾಜ್ಯದ ಉದಾಹರಣೆ ಬೆಂಗಳೂರು ಎಫ್‌ಸಿ. 2013ರಲ್ಲಿ ಸ್ಥಾಪನೆಯಾದ ಈ ಕ್ಲಬ್ ತನ್ನ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್‌ನ ಫೈನಲ್ ತಲುಪಿತು. ಏಷ್ಯಾದ ಕ್ಲಬ್‌ಗಳ ಈ ಪಂದ್ಯಾವಳಿಯ ಫೈನಲ್ ಆಡಿದ ಮೊದಲ ಭಾರತೀಯ ತಂಡ ಅದು. ದೋಹಾದಲ್ಲಿ ನಡೆದ ಆ ಫೈನಲ್‌ನಲ್ಲಿ ಇರಾಕಿನ ಏರ್‌ಫೋರ್ಸ್ ಕ್ಲಬ್ ಎದುರು 0-1ರಿಂದ ಸೋತಿತು. ಮುಂದೆ 2018-19ರ ಇಂಡಿಯನ್ ಸೂಪರ್ ಲೀಗ್ ಗೆದ್ದರೂ 2020ರ ಎಎಫ್‌ಸಿ ಕಪ್‌ಗೆ ಅದಕ್ಕೆ ನೇರ ಪ್ರವೇಶ ಇರಲಿಲ್ಲ, ಅರ್ಹತಾ ಸುತ್ತು ಆಡಬೇಕಾಯಿತು. ಆ ಸುತ್ತು ನಮ್ಮ ಎರಡನೇ ಅವಧಿಯ ಪಾಠ.

3. ಯೋಜನೆ

ಕಲಿಕಾ ಫಲಗಳು: ಮಗುವು
• ಒಂದು ಪಂದ್ಯದ ಗೋಲುಗಳ ವ್ಯತ್ಯಾಸವನ್ನು ಚಿಹ್ನೆಸಹಿತ ಪೂರ್ಣಾಂಕವಾಗಿ ಬರೆಯುತ್ತದೆ.
• ಎರಡು ಪೂರ್ಣಾಂಕಗಳ ಮೊತ್ತವನ್ನು ಸಂಖ್ಯಾರೇಖೆಯ ಮೇಲೆ ನಡೆದು, ಕಾಳು ಜೋಡಿಸಿ ಕಂಡುಹಿಡಿಯುತ್ತದೆ.
• ಉತ್ತರದ ಚಿಹ್ನೆ ಸರಿಯೇ ಎಂದು ಸಂದರ್ಭದಿಂದ ಪರೀಕ್ಷಿಸುತ್ತದೆ.
• ಮೊತ್ತ ಸೊನ್ನೆಯಾದಾಗ ಸಂಖ್ಯೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನು ವಿವರಿಸುತ್ತದೆ.

ಪೂರ್ವಜ್ಞಾನ: ಪೂರ್ಣಸಂಖ್ಯೆಗಳ ಸಂಕಲನ ಮತ್ತು ವ್ಯವಕಲನ, ಸಂಖ್ಯಾರೇಖೆಯ ಪರಿಚಯ.

ಉಪಕರಣಗಳು: ಸೀಮೆಸುಣ್ಣ, ಒಂದು ಹಿಡಿ ತೊಗರಿ ಕಾಳು, ಒಂದು ಹಿಡಿ ಬಿಳಿ ಜೋಳದ ಕಾಳು, ದಾಳಗಳು, ಏಷ್ಯಾದ ಭೂಪಟ. ನಮ್ಮ ಬಹಳಷ್ಟು ಶಾಲೆಗಳ ನೆಲಕ್ಕೆ ಶಹಾಬಾದದ ಪರ್ಸಿ ಹಾಸಿರುತ್ತದೆ. ಒಂದೇ ಅಳತೆಯ ಕಲ್ಲುಗಳ ಸಾಲೇ ಸಿದ್ಧ ಸಂಖ್ಯಾರೇಖೆ. ನಡುವಿನ ಕಲ್ಲಿನ ಮೇಲೆ 0 ಬರೆದು, ಬಲಕ್ಕೆ +1, +2, +3, ಎಡಕ್ಕೆ −1, −2, −3 ಎಂದು ಬರೆದರೆ ಸಾಕು.

4. ಮೊದಲ ಅವಧಿ: ಮುಂದೆ ಎಷ್ಟು, ಹಿಂದೆ ಎಷ್ಟು

ತೊಡಗಿಸಿಕೊಳ್ಳುವಿಕೆ (5 ನಿಮಿಷ). ಕಪ್ಪುಹಲಗೆಯ ಮೇಲೆ ಹೀಗೆ ಬರೆಯಿರಿ: ಬೆಂಗಳೂರು 1, ಎದುರಾಳಿ 2. "ಬೆಂಗಳೂರು ತಂಡ ಎಷ್ಟರಿಂದ ಹಿಂದೆ ಇದೆ?" ಎಂದು ಕೇಳಿ. 'ಒಂದರಿಂದ' ಎಂದು ಉತ್ತರ ಬರುತ್ತದೆ. "ಒಂದು ಗೋಲು ಮುಂದೆ ಇದ್ದರೂ ಒಂದು ಎನ್ನುತ್ತೀರಿ, ಹಿಂದೆ ಇದ್ದರೂ ಒಂದು ಎನ್ನುತ್ತೀರಿ. ಬರೆಯುವಾಗ ಗುರುತು ಹೇಗೆ ಹಿಡಿಯೋಣ?" ಚಿಹ್ನೆಯ ಅಗತ್ಯ ಮಕ್ಕಳ ಬಾಯಿಂದಲೇ ಬರಲಿ. ಮುಂದೆ ಇದ್ದರೆ +, ಹಿಂದೆ ಇದ್ದರೆ −, ಸಮ ಇದ್ದರೆ 0.

ಇಲ್ಲೊಂದು ಎಚ್ಚರಿಕೆ. ಪತ್ರಿಕೆಗಳಲ್ಲಿ ಅಂಕವನ್ನು '1-2' ಎಂದು ಅಡ್ಡಗೆರೆ ಹಾಕಿ ಬರೆಯುತ್ತಾರೆ. ಮಗು ಇದನ್ನು ವ್ಯವಕಲನ ಎಂದು ಓದಬಹುದು. ಅದನ್ನು ತಡೆಯಬೇಕಾಗಿಲ್ಲ. ನಮ್ಮ ತಂಡದ ಗೋಲು ಮೊದಲು ಬರೆದರೆ 1 − 2 = −1, ಅದೇ ನಮಗೆ ಬೇಕಾದ ವ್ಯತ್ಯಾಸ. ಎದುರಾಳಿ ತನ್ನ ಕಡೆಯಿಂದ ಬರೆದರೆ 2 − 1 = +1. ಒಂದೇ ಪಂದ್ಯ, ಎರಡು ಕಡೆಯ ಎರಡು ಸಂಖ್ಯೆ, ಮೊತ್ತ ಸೊನ್ನೆ. ಸಂಕಲನ ವಿಲೋಮ ಎಂಬ ಪದವನ್ನು ಈ ಹಂತದಲ್ಲೇ ಪರಿಚಯಿಸಬಹುದು. ಯಾರ ಕಡೆಯಿಂದ ಬರೆಯುತ್ತಿದ್ದೇವೆ ಎಂಬುದು ಮಾತ್ರ ಪ್ರತಿ ಸಾಲಿನಲ್ಲೂ ಒಂದೇ ಇರಬೇಕು.

ಅನ್ವೇಷಣೆ (15 ನಿಮಿಷ). ಬೆಂಗಳೂರು ಎಫ್‌ಸಿ ಎಎಫ್‌ಸಿ ಕಪ್‌ನಲ್ಲಿ ಆಡಿದ ಎರಡು ಪಂದ್ಯಗಳ ಮುಖಾಮುಖಿಗಳನ್ನು ಹಲಗೆಯ ಮೇಲೆ ಬರೆಯಿರಿ. ಪ್ರತಿ ಸಾಲಿನಲ್ಲೂ ಬೆಂಗಳೂರಿನ ಗೋಲು ಮೊದಲು ಬರುತ್ತದೆ.

ಅ) 2016, ಟ್ಯಾಂಪೈನ್ಸ್ ರೋವರ್ಸ್ (ಸಿಂಗಪುರ): 1-0, 0-0
ಆ) 2016, ಜೊಹೊರ್ ದಾರುಲ್ ತಾಜಿಂ (ಮಲೇಷ್ಯಾ): 1-1, 3-1
ಇ) 2017, ಇಸ್ತಿಕ್ಲೋಲ್ (ತಾಜಿಕಿಸ್ತಾನ): 0-1, 2-2
ಈ) 2018, ಟ್ರಾನ್ಸ್‌ಪೋರ್ಟ್ ಯುನೈಟೆಡ್ (ಭೂತಾನ್): 0-0, 3-0
ಉ) 2018, ಟಿಸಿ ಸ್ಪೋರ್ಟ್ಸ್ (ಮಾಲ್ಡೀವ್ಸ್): 3-2, 5-0
ಊ) 2018, ಅಲ್ತಿನ್ ಅಸೀರ್ (ತುರ್ಕ್‌ಮೆನಿಸ್ತಾನ): 2-3, 0-2

ಇವುಗಳಲ್ಲಿ ಈ ಮತ್ತು ಉ ಅರ್ಹತಾ ಸುತ್ತಿನವು, ಉಳಿದವು ಮುಖ್ಯ ಪಂದ್ಯಾವಳಿಯ ನಂತರದ ಘಟ್ಟಗಳವು. ಒಬ್ಬ ವಿದ್ಯಾರ್ಥಿ ಭೂಪಟದಲ್ಲಿ ಆಯಾ ದೇಶವನ್ನು ತೋರಿಸಲಿ.

ತಂಡವೊಂದಕ್ಕೆ ಐದಾರು ಮಕ್ಕಳಂತೆ ಗುಂಪು ಮಾಡಿ. ಒಬ್ಬರು ಪರ್ಸಿಯ ಮೇಲೆ 0 ಇರುವ ಕಲ್ಲಿನಲ್ಲಿ ನಿಲ್ಲುತ್ತಾರೆ. ಗುಂಪು ಮೊದಲ ಪಂದ್ಯದ ವ್ಯತ್ಯಾಸ ಹೇಳುತ್ತದೆ, ನಿಂತವರು ಅಷ್ಟು ಕಲ್ಲು ಬಲಕ್ಕೋ ಎಡಕ್ಕೋ ಸರಿಯುತ್ತಾರೆ. ಎರಡನೇ ಪಂದ್ಯದ ವ್ಯತ್ಯಾಸಕ್ಕೆ ಅಲ್ಲಿಂದಲೇ ಮುಂದಿನ ಹೆಜ್ಜೆ. ನಿಂತ ಕಲ್ಲೇ ಉತ್ತರ. 'ಉ' ಸಾಲಿಗೆ (+1) + (+5) = +6 ಆಗುತ್ತದೆ, 'ಇ' ಸಾಲಿಗೆ (−1) + 0 = −1. ಸೊನ್ನೆ ಕೂಡಿಸಿದಾಗ ನಿಂತಲ್ಲೇ ನಿಲ್ಲಬೇಕು ಎಂಬುದನ್ನು ಕಾಲಿನಿಂದಲೇ ಕಲಿಯುತ್ತಾರೆ.

ವಿವರಣೆ (12 ನಿಮಿಷ). 'ಊ' ಸಾಲನ್ನು ಕೊನೆಗೆ ಇಟ್ಟುಕೊಳ್ಳಿ. ಪರ್ಸಿಯ ಮೇಲೆ ನಡೆಯುವ ಮುನ್ನ ಪುಸ್ತಕದಲ್ಲಿ ಉತ್ತರ ಬರೆಯಲು ಹೇಳಿ. (−1) + (−2) ಎಂದಾಗ ಬಾಯಿಪಾಠದ +3 ಇಲ್ಲಿ ಹೊರಬರುತ್ತದೆ. ಆಗ ಮಾತು ಹೀಗೆ ಸಾಗಲಿ:

ಶಿಕ್ಷಕ: ಪ್ಲಸ್ ಮೂರು ಅಂದ್ರ ಏನರ್ಥ?
ವಿದ್ಯಾರ್ಥಿ: ಮೂರು ಗೋಲ್ ಮುಂದ ಅದಾರ್ರಿ ಸರ್.
ಶಿಕ್ಷಕ: ಮೊದಲನೇ ಮ್ಯಾಚ್ ಏನಾಯ್ತು?
ವಿದ್ಯಾರ್ಥಿ: ಸೋತಾರ್ರಿ.
ಶಿಕ್ಷಕ: ಎರಡನೇದು?
ವಿದ್ಯಾರ್ಥಿ: ಅದೂ ಸೋತಾರ್ರಿ... ಹಂಗಾದ್ರ ಮುಂದ ಹ್ಯಾಂಗ ಇರ್ತಾರ್ರಿ ಸರ್?

ಈ ಕೊನೆಯ ಪ್ರಶ್ನೆ ಮಗುವಿನಿಂದ ಬರಬೇಕು. ಬರುವ ತನಕ ಪ್ರಶಿಕ್ಷಣಾರ್ಥಿ ಸುಮ್ಮನಿರಬೇಕು. ಅರ್ಧ ನಿಮಿಷದ ಮೌನಕ್ಕೆ ಹೆದರಿ ಉತ್ತರವನ್ನು ತಾವೇ ಹೇಳಿಬಿಟ್ಟರೆ ಈ ಪಾಠದ ತಿರುಳೇ ಹೋಯಿತು. ಬಳಿಕ ಮಗು ಪರ್ಸಿಯ ಮೇಲೆ ನಡೆದು −3ರ ಕಲ್ಲಿನಲ್ಲಿ ನಿಲ್ಲಲಿ. ಬಿಡಿಸಿ ನೋಡಿದರೂ ಅದೇ ಬರುತ್ತದೆ: ಬೆಂಗಳೂರಿನ ಒಟ್ಟು ಗೋಲು 2, ಎದುರಾಳಿಯ ಒಟ್ಟು 5, 2 − 5 = −3. ಒಂದೇ ಉತ್ತರಕ್ಕೆ ಎರಡು ದಾರಿ. ಇದು ಮಗುವಿನ ಕೈಗೆ ಸಿಕ್ಕ ಮೊದಲ ತಾಳೆ.

ಚಿಹ್ನೆಗಳು ಬೇರೆ ಬೇರೆ ಇರುವ ಸಂದರ್ಭಕ್ಕೆ ಯುರೋಪಿನ ಒಂದು ಪ್ರಸಂಗ ಒದಗುತ್ತದೆ. ಫ್ರಾನ್ಸಿನ ಬೋರ್ಡೋ ಕ್ಲಬ್ 1995ರ ಇಂಟರ್‌ಟೋಟೋ ಗೆದ್ದು ಯುಇಎಫ್‌ಎ ಕಪ್‌ಗೆ ಪ್ರವೇಶ ಪಡೆಯಿತು. ಮುಂದೆ ವಿಶ್ವವಿಖ್ಯಾತನಾದ ಜಿನೆದಿನ್ ಜಿದಾನ್ ಆಗ ಆ ತಂಡದಲ್ಲಿದ್ದ. 1996ರ ಕ್ವಾರ್ಟರ್‌ಫೈನಲ್‌ನಲ್ಲಿ ಇಟಲಿಯ ಬಲಿಷ್ಠ ಎಸಿ ಮಿಲಾನ್ ಎದುರು ಮೊದಲ ಪಂದ್ಯವನ್ನು ಬೋರ್ಡೋ 0-2ರಿಂದ ಸೋತಿತು. ತನ್ನ ಊರಿನಲ್ಲಿ ನಡೆದ ಎರಡನೇ ಪಂದ್ಯವನ್ನು 3-0ರಿಂದ ಗೆದ್ದಿತು. (−2) + (+3) = +1.

ಇದನ್ನು ಕಾಳುಗಳಿಂದ ಮಾಡಿಸಿ. ಹಿಂದೆ ಬಿದ್ದ ಪ್ರತಿ ಗೋಲಿಗೆ ಒಂದು ಜೋಳದ ಕಾಳು, ಮುಂದೆ ಹೋದ ಪ್ರತಿ ಗೋಲಿಗೆ ಒಂದು ತೊಗರಿ ಕಾಳು. ಒಂದು ಜೋಳ, ಒಂದು ತೊಗರಿ ಜೋಡಿಯಾದರೆ ಎರಡನ್ನೂ ಬದಿಗೆ ಸರಿಸಬೇಕು. ಎರಡು ಜೋಳ ಮೂರು ತೊಗರಿಯಲ್ಲಿ ಎರಡು ಜೋಡಿ ಹೋಗಿ ಒಂದು ತೊಗರಿ ಉಳಿಯುತ್ತದೆ. ಉಳಿದ ಕಾಳಿನ ಜಾತಿಯೇ ಉತ್ತರದ ಚಿಹ್ನೆ, ಉಳಿದ ಎಣಿಕೆಯೇ ಉತ್ತರದ ಬೆಲೆ. 'ದೊಡ್ಡದರಿಂದ ಚಿಕ್ಕದು ಕಳೆ, ದೊಡ್ಡದರ ಚಿಹ್ನೆ ಹಾಕು' ಎಂಬ ನಿಯಮವನ್ನು ಈಗ ಮಕ್ಕಳೇ ತಮ್ಮ ಮಾತಿನಲ್ಲಿ ಹೇಳಬಲ್ಲರು. ಫೈನಲ್‌ನಲ್ಲಿ ಬೋರ್ಡೋ ಜರ್ಮನಿಯ ಬಯೆರ್ನ್ ಮ್ಯೂನಿಕ್ ಎದುರು 0-2, 1-3ರಿಂದ ಸೋತಿತು. (−2) + (−2) ಎಷ್ಟು ಎಂದು ಕೇಳಿದಾಗ, ಈ ಸಲ 'ಮೈನಸ್ ಮೈನಸ್ ಪ್ಲಸ್' ಎಂದು ಯಾರಾದರೂ ಹೇಳಿದರೆ ತರಗತಿಯೇ ಅವರನ್ನು ತಿದ್ದುತ್ತದೆ.

ಉಳಿದ 8 ನಿಮಿಷಗಳಲ್ಲಿ ಮಕ್ಕಳು ಆರೂ ಸಾಲುಗಳ ಲೆಕ್ಕವನ್ನು ಪುಸ್ತಕದಲ್ಲಿ ಬರೆದು, ಪ್ರತಿ ಉತ್ತರದ ಮುಂದೆ 'ಮುಂದೆ ಹೋದರು' ಅಥವಾ 'ಹೊರಬಿದ್ದರು' ಎಂದು ಒಂದು ಮಾತು ಬರೆಯಲಿ.

5. ಎರಡನೇ ಅವಧಿ: ಮೊತ್ತ ಸೊನ್ನೆಯಾದರೆ?

ಮೊದಲ ಅವಧಿಯಲ್ಲಿ ಧನ ಬಂದರೆ ಪ್ರವೇಶ, ಋಣ ಬಂದರೆ ನಿರ್ಗಮನ ಎಂದಾಯಿತು. ಸೊನ್ನೆ ಬಂದರೆ ಏನು ಎಂಬ ಪ್ರಶ್ನೆ ಉಳಿದಿದೆ. 2020ರ ಫೆಬ್ರವರಿಯಲ್ಲಿ ಬೆಂಗಳೂರು ಎಫ್‌ಸಿ ಆಡಿದ ಅರ್ಹತಾ ಸುತ್ತು ಈ ಪ್ರಶ್ನೆಯನ್ನು ನೇರವಾಗಿ ಮುಂದಿಡುತ್ತದೆ.

ಮೊದಲ ಎದುರಾಳಿ ಭೂತಾನಿನ ಪಾರೋ ಎಫ್‌ಸಿ. ಥಿಂಫುವಿನಲ್ಲಿ 1-0, ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ 9-1. ಮೊತ್ತ (+1) + (+8) = +9. ಎರಡನೇ ಎದುರಾಳಿ ಮಾಲ್ಡೀವ್ಸಿನ ಮಾಜಿಯಾ. ಮಾಲೆಯಲ್ಲಿ ಬೆಂಗಳೂರು 1-2ರಿಂದ ಸೋತಿತು, ಅಂದರೆ −1. ಕಂಠೀರವದಲ್ಲಿ 3-2ರಿಂದ ಗೆದ್ದಿತು, ಅಂದರೆ +1. ಒಟ್ಟು ಗೋಲು 4-4. ಮೊತ್ತ ಸೊನ್ನೆ. ಆದರೂ ಮಾಜಿಯಾ ಮುಂದೆ ಹೋಯಿತು, ಬೆಂಗಳೂರು ಹೊರಬಿತ್ತು.

ಇದನ್ನು ಹಲಗೆಯ ಮೇಲೆ ಬರೆದು ನಿಲ್ಲಿಸಿದರೆ ಮಕ್ಕಳ ಕಡೆಯಿಂದ ನ್ಯಾಯವಾದ ಪ್ರಶ್ನೆ ಬರುತ್ತದೆ: "ಸರ್, ಇಬ್ರಿಗೂ ನಾಕ್ ನಾಕ್ ಗೋಲ್ ಆಗ್ಯಾವ. ಸೋತವ್ರು ಯಾರು ಅಂತ ಹ್ಯಾಂಗ ಹೇಳಿದ್ರು?" ಈ ಪ್ರಶ್ನೆಯನ್ನು ಪಕ್ಕಕ್ಕೆ ಸರಿಸದೆ ಅವಧಿಯ ಕೇಂದ್ರಕ್ಕೆ ತನ್ನಿ.

ಆ ವರ್ಷದ ಪಂದ್ಯಾವಳಿಯ ನಿಯಮಗಳನ್ನು ಕ್ರಮವಾಗಿ ಬರೆಯಿರಿ.
ಒಂದು: ಎರಡು ಪಂದ್ಯಗಳ ಒಟ್ಟು ಗೋಲು ಹೆಚ್ಚಿದ್ದವರು ಗೆದ್ದರು.
ಎರಡು: ಒಟ್ಟು ಸಮವಾದರೆ, ಎದುರಾಳಿಯ ಊರಿನಲ್ಲಿ ಹೆಚ್ಚು ಗೋಲು ಹೊಡೆದವರು ಗೆದ್ದರು.
ಮೂರು: ಅದೂ ಸಮವಾದರೆ 30 ನಿಮಿಷದ ಹೆಚ್ಚುವರಿ ಆಟ. ಈ ಹೆಚ್ಚುವರಿ ಆಟದ ಗೋಲುಗಳಿಗೆ ಎರಡನೇ ನಿಯಮ ಅನ್ವಯಿಸದು.
ನಾಲ್ಕು: ಆಗಲೂ ಸಮವಾದರೆ ಪೆನಾಲ್ಟಿ ಒದೆತಗಳು.

ಈಗ ಮಕ್ಕಳಿಗೆ ಒಂದು ಶೋಧ ಕೊಡಿ. ಮಾಲೆಯ ಪಂದ್ಯ 1-2 ಆಗಿದೆ. ಬೆಂಗಳೂರಿನಲ್ಲಿ 90 ನಿಮಿಷ ಮುಗಿದಾಗ ಮೊತ್ತ ಸೊನ್ನೆಯಾಗಬೇಕಾದರೆ ಬೆಂಗಳೂರು ಒಂದು ಗೋಲಿನ ಅಂತರದಿಂದ ಗೆದ್ದಿರಬೇಕು. ಅದು 1-0 ಆಗಬಹುದು, 2-1 ಆಗಬಹುದು, 3-2 ಆಗಬಹುದು. ಮೂರನ್ನೂ ಬಿಡಿಸಿ ನೋಡಲಿ.

1-0 ಆದರೆ ಒಟ್ಟು 2-2. ಎದುರಾಳಿಯ ಊರಿನಲ್ಲಿ ಬೆಂಗಳೂರಿನ ಗೋಲು 1, ಮಾಜಿಯಾದ ಗೋಲು 0. ಬೆಂಗಳೂರು ಮುಂದೆ ಹೋಗುತ್ತದೆ.
2-1 ಆದರೆ ಒಟ್ಟು 3-3. ಎದುರಾಳಿಯ ಊರಿನ ಗೋಲು 1 ಮತ್ತು 1. ಹೆಚ್ಚುವರಿ ಆಟ.
3-2 ಆದರೆ ಒಟ್ಟು 4-4. ಎದುರಾಳಿಯ ಊರಿನ ಗೋಲು 1 ಮತ್ತು 2. ಮಾಜಿಯಾ ಮುಂದೆ ಹೋಗುತ್ತದೆ.

ಮೂರರಲ್ಲೂ (−1) + (+1) = 0. ಪರ್ಸಿಯ ಮೇಲೆ ನಡೆದವರು ಮೂರು ಸಲವೂ ಅದೇ ಕಲ್ಲಿಗೆ ಬಂದು ನಿಲ್ಲುತ್ತಾರೆ. ಫಲಿತಾಂಶ ಮಾತ್ರ ಮೂರು ಬಗೆ. ಸೊನ್ನೆ ಎಂಬ ಮೊತ್ತ ತಪ್ಪಲ್ಲ, ಆದರೆ ಆ ಮೊತ್ತ ಮಾಡುವಾಗ ನಾವು ಗೋಲು ಎಲ್ಲಿ ಬಿತ್ತು ಎಂಬ ವಿವರವನ್ನು ಕೈಬಿಟ್ಟಿದ್ದೇವೆ. ಎರಡನೇ ನಿಯಮ ಆ ಕೈಬಿಟ್ಟ ವಿವರವನ್ನೇ ಮರಳಿ ಕೇಳುತ್ತದೆ. ಕೂಡಿಸಿದಾಗ ಏನು ಉಳಿಯಿತು ಎಂಬುದರ ಜೊತೆಗೆ ಏನು ಮರೆಯಾಯಿತು ಎಂದು ಕೇಳುವ ಅಭ್ಯಾಸ ಮುಂದೆ ಸರಾಸರಿ, ಶೇಕಡಾವಾರು ಓದುವಾಗಲೂ ಮಕ್ಕಳಿಗೆ ಬೇಕಾಗುತ್ತದೆ.

ಚುರುಕಾದ ಮಗುವೊಂದು ಇಲ್ಲಿ ತಡೆದು ಕೇಳಬಹುದು: "ಆಟ 3-2 ಆಗ್ಯದಲ್ರಿ? ಹಂಗಾದ್ರ ಎರಡನೇ ನಿಯಮದಾಗೇ ಮುಗೀಬೇಕಿತ್ತು. ಪೆನಾಲ್ಟಿ ಯಾಕ್ ಒದ್ರು?" ಇದು ಬಹಳ ಒಳ್ಳೆಯ ಪ್ರಶ್ನೆ. ಉತ್ತರವನ್ನು ಮಕ್ಕಳಿಂದಲೇ ತೆಗೆಯಿರಿ. ಪಂದ್ಯ ಹೆಚ್ಚುವರಿ ಆಟಕ್ಕೆ ಹೋಗಿತ್ತು ಎಂಬ ಒಂದು ಮಾಹಿತಿ ಮಾತ್ರ ಕೊಡಿ. ಮೇಲಿನ ಮೂರು ಸಾಧ್ಯತೆಗಳಲ್ಲಿ ಹೆಚ್ಚುವರಿ ಆಟಕ್ಕೆ ದಾರಿ ಮಾಡುವುದು 2-1 ಒಂದೇ. ಅಂದಮೇಲೆ 90 ನಿಮಿಷಕ್ಕೆ ಅಂಕ 2-1 ಇದ್ದಿರಲೇಬೇಕು. ಕೊನೆಗೆ 3-2 ಆಗಿದೆ ಎಂದರೆ ಹೆಚ್ಚುವರಿ ಆಟದಲ್ಲಿ ಎರಡೂ ಕಡೆ ಒಂದೊಂದು ಗೋಲು ಬಿದ್ದಿವೆ. ಆ ಗೋಲುಗಳಿಗೆ ಎರಡನೇ ನಿಯಮ ಇಲ್ಲ. ಆದ್ದರಿಂದ ಪೆನಾಲ್ಟಿ. ಅದರಲ್ಲಿ ಮಾಜಿಯಾ 4-3ರಿಂದ ಗೆದ್ದಿತು. ತಾವು ನೋಡದ ಪಂದ್ಯದ, ಯಾರೂ ಹೇಳದ ಅಂಕವನ್ನು ತರ್ಕದಿಂದಲೇ ಹೇಳಿದೆವು ಎಂಬ ಸಂತೋಷ ಮಕ್ಕಳಿಗೆ ಸಿಗಲಿ. ಗಣಿತದ ಸಾಧನೆ ಎಂದರೆ ಏನು ಎಂಬುದರ ಮೊದಲ ರುಚಿ ಅದು.

ಚರ್ಚೆಗೆ (10 ನಿಮಿಷ). ಎದುರಾಳಿಯ ಊರಿನ ಗೋಲಿಗೆ ಹೆಚ್ಚು ಮಹತ್ವ ಕೊಡುವುದು ಸರಿಯೇ? ಯುರೋಪಿನಲ್ಲಿ ಈ ನಿಯಮ 1965ರಲ್ಲಿ ಬಂತು. ಪರ ಊರಿನಲ್ಲಿ ಆಡುವುದು ಕಷ್ಟ, ಅಲ್ಲಿಗೆ ಹೋದವರು ಬರೀ ರಕ್ಷಣೆಗೆ ಇಳಿಯದೆ ಗೋಲಿಗಾಗಿ ಆಡಲಿ ಎಂಬುದು ಅದರ ಹಿಂದಿನ ಯೋಚನೆ. 2021ರ ಜೂನ್‌ನಲ್ಲಿ ಯುರೋಪಿನ ಒಕ್ಕೂಟ ಇದನ್ನು ಕೈಬಿಟ್ಟಿತು. ಥಿಂಫು ಸುಮಾರು 2,300 ಮೀಟರ್ ಎತ್ತರದಲ್ಲಿದೆ, ಮಾಲೆ ಸಮುದ್ರ ಮಟ್ಟಕ್ಕೆ ಅಂಟಿಕೊಂಡ ದ್ವೀಪ, ಬೆಂಗಳೂರು ಸುಮಾರು 900 ಮೀಟರ್. ಒಂದೇ ತಿಂಗಳಲ್ಲಿ ಮೂರೂ ಕಡೆ ಆಡುವುದು ಹೇಗಿರುತ್ತದೆ ಎಂದು ಯೋಚಿಸಲಿ. ನಮ್ಮ ಊರುಗಳಿಗೇ ತಂದು ಕೇಳಿ: ವಾಡಿ, ಚಿತ್ತಾಪುರ, ಸೇಡಂ, ಶಹಾಬಾದಗಳಿಗೆ ರೈಲು ಇದೆ. ಚಿಂಚೋಳಿಯ ಹುಡುಗರು ಬಸ್ಸಿನಲ್ಲೇ ಬರಬೇಕು. ಶಹಾಬಾದದ ಮೈದಾನದಲ್ಲಿ ಚಿಂಚೋಳಿ ಹೊಡೆದ ಒಂದು ಗೋಲಿನ ಬೆಲೆ ಎಷ್ಟಿರಬೇಕು? ಪರ ವಿರೋಧ ಎರಡೂ ಮಾತು ಬರಲಿ. ಶಿಕ್ಷಕರು ತೀರ್ಪು ಕೊಡುವುದು ಬೇಡ. ಆಟ ಶುರುವಾಗುವ ಮುನ್ನವೇ ನಿಯಮವನ್ನು ಎಲ್ಲರೂ ಒಪ್ಪಿರಬೇಕು ಎಂಬ ಒಂದು ಮಾತು ಮಾತ್ರ ಕೊನೆಗೆ ಗಟ್ಟಿಯಾಗಲಿ. ಮಾಜಿಯಾ ಎದುರಿನ ಫಲಿತಾಂಶವನ್ನು ಬೆಂಗಳೂರು ಒಪ್ಪಿಕೊಳ್ಳಬೇಕಾದದ್ದು ಅದೇ ಕಾರಣಕ್ಕೆ. ಆ ವರ್ಷದ ಪಂದ್ಯಾವಳಿ ಕೊರೊನಾದಿಂದಾಗಿ ಮಾರ್ಚ್ ನಂತರ ನಿಂತು, ಸೆಪ್ಟೆಂಬರ್‌ನಲ್ಲಿ ರದ್ದಾಯಿತು ಎಂಬುದನ್ನೂ ಮಕ್ಕಳಿಗೆ ತಿಳಿಸಬಹುದು.

6. ವಿಸ್ತರಣಾ ಚಟುವಟಿಕೆ: ಐದು ಊರಿನ ಗುಂಪು

1995ರ ಇಂಟರ್‌ಟೋಟೋದಲ್ಲಿ 60 ಕ್ಲಬ್‌ಗಳನ್ನು ತಲಾ ಐದರಂತೆ 12 ಗುಂಪು ಮಾಡಿದ್ದರು. ಗುಂಪಿನ ಪ್ರತಿ ತಂಡ ಉಳಿದ ನಾಲ್ಕರೊಂದಿಗೆ ಒಮ್ಮೆ ಆಡಬೇಕು, ಎರಡು ಪಂದ್ಯ ತವರಿನಲ್ಲಿ, ಎರಡು ಹೊರಗೆ. ನಮ್ಮಲ್ಲೂ ಐದು ಊರುಗಳಿವೆ. ತರಗತಿಯನ್ನು ಐದು ತಂಡ ಮಾಡಿ ಆ ಊರುಗಳ ಹೆಸರಿಡಿ. ಐವರನ್ನು ಸುತ್ತಲಾಗಿ ಕೂರಿಸಿ: ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ. ಪ್ರತಿಯೊಬ್ಬರೂ ತಮ್ಮ ಮುಂದಿನ ಇಬ್ಬರನ್ನು ತಮ್ಮ ಊರಿಗೆ ಕರೆಯುತ್ತಾರೆ. ಸೇಡಂಗೆ ಚಿತ್ತಾಪುರ, ವಾಡಿ ಬರುತ್ತವೆ. ಚಿಂಚೋಳಿಗೆ ಸೇಡಂ, ಚಿತ್ತಾಪುರ ಹೋಗುತ್ತವೆ. ಹೀಗೆ ಒಟ್ಟು 10 ಪಂದ್ಯ. ಎಲ್ಲರಿಗೂ ಎರಡು ತವರು, ಎರಡು ಹೊರಗೆ ತಾನಾಗಿಯೇ ಹೊಂದುತ್ತದೆ.

ಪಂದ್ಯ ಆಡಿಸಲು ದಾಳ ಸಾಕು. ಬಿದ್ದ ಸಂಖ್ಯೆಯಲ್ಲಿ ಒಂದು ಕಳೆದರೆ ಬರುವುದು ಗೋಲು (0ಯಿಂದ 5). ಪ್ರತಿ ತಂಡವೂ ತನ್ನ ನಾಲ್ಕು ಪಂದ್ಯಗಳ ವ್ಯತ್ಯಾಸ ಬರೆದು ಕೂಡಿಸುತ್ತದೆ. ಉದಾಹರಣೆಗೆ (+2) + (−3) + 0 + (−1) = −2.

ಕೊನೆಗೆ ಐದೂ ತಂಡಗಳ ಮೊತ್ತಗಳನ್ನು ಕೂಡಿಸಲು ಹೇಳಿ. ಉತ್ತರ ಸೊನ್ನೆಯೇ ಬರಬೇಕು. ಬಾರದಿದ್ದರೆ ಎಲ್ಲೋ ಲೆಕ್ಕ ತಪ್ಪಿದೆ. ಯಾಕೆ ಸೊನ್ನೆಯೇ ಬರಬೇಕು ಎಂದು ಕೇಳಿ. ಒಬ್ಬರು ಮುಂದೆ ಹೋದಷ್ಟೇ ಇನ್ನೊಬ್ಬರು ಹಿಂದೆ ಬಿದ್ದಿರುತ್ತಾರೆ ಎಂಬ ಉತ್ತರ, ಅಂದರೆ ಮೊದಲ ಅವಧಿಯ ಸಂಕಲನ ವಿಲೋಮ, ಇಲ್ಲಿ ಉಪಯೋಗಕ್ಕೆ ಬಂತು. 40 ಮಕ್ಕಳ ಪುಸ್ತಕ ತಿದ್ದುವ ಪ್ರಶಿಕ್ಷಣಾರ್ಥಿಗೂ ಇದು ಅನುಕೂಲ.

7. ಮೌಲ್ಯಮಾಪನ

1. ಒಂದು ತಂಡ ಮೊದಲ ಪಂದ್ಯ 1-4, ಎರಡನೆಯದು 2-0 ಆಡಿತು. ಒಟ್ಟು ವ್ಯತ್ಯಾಸ ಎಷ್ಟು? ಉತ್ತರ ನೋಡುವ ಮುನ್ನ ಚಿಹ್ನೆ ಊಹಿಸಿ, ಕಾರಣ ಬರೆಯಿರಿ.
2. (−3) + (−2) = +5 ಎಂದು ನಿಮ್ಮ ಗೆಳತಿ ಬರೆದಿದ್ದಾಳೆ. ನಿಯಮ ಹೇಳದೆ, ಒಂದು ಆಟದ ಕಥೆ ಹೇಳಿ ಆಕೆಗೆ ತಿಳಿಸಿ.
3. ಮೊದಲ ಪಂದ್ಯದ ವ್ಯತ್ಯಾಸ −2. ಒಟ್ಟು +1 ಆಗಬೇಕಾದರೆ ಎರಡನೇ ಪಂದ್ಯದ ವ್ಯತ್ಯಾಸ ಎಷ್ಟಿರಬೇಕು?
4. ಎದುರಾಳಿಯ ಊರಿನ ಗೋಲಿನ ನಿಯಮವೇ ಇಲ್ಲದಿದ್ದರೆ, ಮಾಜಿಯಾ ಪಂದ್ಯದ ಮೂರು ಸಾಧ್ಯತೆಗಳ ಫಲಿತಾಂಶ ಏನಾಗುತ್ತಿತ್ತು?

ಎರಡನೇ ಪ್ರಶ್ನೆಗೆ ಹೆಚ್ಚು ತೂಕ ಕೊಡಬೇಕು. ಮಗು ಹೇಳುವ ಕಥೆ ಫುಟ್‌ಬಾಲ್‌ನದೇ ಆಗಬೇಕಿಲ್ಲ. ಕಬಡ್ಡಿಯೋ ಗೋಲಿಯಾಟವೋ ಆಗಬಹುದು. ಕಥೆ ಸರಿಯಾಗಿದ್ದರೆ ಅರ್ಥ ದಕ್ಕಿದೆ ಎಂದು ತಿಳಿಯಬಹುದು.

8. ಪ್ರಶಿಕ್ಷಣಾರ್ಥಿಗಳಿಗೆ ಮತ್ತು ಪಾಠ ವೀಕ್ಷಕರಿಗೆ

ಫುಟ್‌ಬಾಲ್ ನಿಯಮಗಳ ವಿವರಣೆಗೆ ಐದು ನಿಮಿಷಕ್ಕಿಂತ ಹೆಚ್ಚು ಸಮಯ ಹೋಗಬಾರದು. ಆಫ್‌ಸೈಡ್, ಕಾರ್ನರ್ ಇತ್ಯಾದಿ ಇಲ್ಲಿ ಬೇಡ. ಆಟದ ಬಗ್ಗೆ ಬಹಳ ತಿಳಿದ ನಾಲ್ಕು ಹುಡುಗರೇ ಪಾಠವನ್ನು ಎಳೆದುಕೊಂಡು ಹೋಗುವ ಅಪಾಯ ಇದೆ. ಪರ್ಸಿಯ ಮೇಲೆ ನಡೆಯುವವರಲ್ಲಿ, ಕಾಳು ಜೋಡಿಸುವವರಲ್ಲಿ ಹುಡುಗಿಯರ ಸರದಿ ಮೊದಲು ಬರುವಂತೆ ಯೋಜಿಸಿ. ಆಟ ಗೊತ್ತಿಲ್ಲದ ಮಗುವಿಗೂ 'ಮುಂದೆ', 'ಹಿಂದೆ' ಎಂಬ ಎರಡು ಪದಗಳಿಂದಲೇ ಇಡೀ ಪಾಠ ಅರ್ಥವಾಗಬೇಕು.

ಗುಣಾಕಾರದ ಪಾಠ ಬಂದಾಗ ಈ ಉದಾಹರಣೆಯನ್ನು ಎಳೆಯಬೇಡಿ. ಋಣ ಗುಣಿಸು ಋಣ ಧನ ಎಂಬುದನ್ನು ಗೋಲುಗಳಿಂದ ವಿವರಿಸಲಾಗದು, ಅದಕ್ಕೆ ಬೇರೆ ಸಂದರ್ಭ ಬೇಕು. ಎರಡನ್ನೂ ಬೆರೆಸಿದರೆ ಮೊದಲಿನ ಗೊಂದಲವೇ ಮರಳುತ್ತದೆ. 'ಮೈನಸ್ ಮೈನಸ್ ಪ್ಲಸ್' ಎಂಬ ಸಾಲನ್ನು ಯಾವಾಗಲೂ 'ಗುಣಿಸಿದಾಗ' ಎಂಬ ಪದ ಸೇರಿಸಿಯೇ ಹೇಳಿಸುವುದು ಒಳ್ಳೆಯ ರೂಢಿ.

ವೀಕ್ಷಕರು ತಮ್ಮ ಟಿಪ್ಪಣಿಯಲ್ಲಿ ಎರಡು ಅಂಶಗಳನ್ನು ದಾಖಲಿಸಿದರೆ ಪ್ರಶಿಕ್ಷಣಾರ್ಥಿಗೆ ನಿಜವಾದ ಸಹಾಯವಾಗುತ್ತದೆ. ಮೊದಲನೆಯದು, +3 ಎಂದ ಮಗುವಿಗೆ ತಾನೇ ತಿದ್ದಿಕೊಳ್ಳಲು ಎಷ್ಟು ಹೊತ್ತು ಕೊಡಲಾಯಿತು. ಎರಡನೆಯದು, 4-4ರ ಪ್ರಶ್ನೆ ಕೇಳಿದ ಮಗುವಿಗೆ ಸಿಕ್ಕ ಉತ್ತರ ಕಾರಣ ಸಹಿತವಾಗಿತ್ತೋ, 'ನಿಯಮ ಹಾಗೇ ಇದೆ' ಎಂದು ಮುಗಿಯಿತೋ. ಉಪಕರಣ ಎಷ್ಟು ಅಂದವಾಗಿತ್ತು ಎಂಬ ಸಾಲು ಇವೆರಡರ ನಂತರ ಬರಲಿ. ಎರಡು ವಾರದ ಬಳಿಕ ಅದೇ ತರಗತಿಗೆ ಮತ್ತೆ ಹೋಗುವ ಅವಕಾಶ ಸಿಕ್ಕರೆ, ಯಾವ ಮುನ್ಸೂಚನೆಯೂ ಇಲ್ಲದೆ (−4) + (−1) ಎಷ್ಟು ಎಂದು ಕೇಳಿ, ಮಕ್ಕಳು ಬರೆದ ಉತ್ತರಗಳನ್ನು ಪಾಠಯೋಜನೆಯ ಹಿಂಬದಿಯಲ್ಲಿ ಅಂಟಿಸಿ ಇಡಿ. ಪಾಠ ಫಲಿಸಿತೋ ಇಲ್ಲವೋ ಎಂಬುದು ಆ ಹಾಳೆಗಳಿಂದ ತಿಳಿಯುತ್ತದೆ.